ಆ ಹುಳಕ್ಕೆ ಉಪ್ಪು ಹಾಕಬೇಡಿ

ಮುಂಗಾರು ಶುರುವಾಯಿತೆಂದರೆ ಮಲೆನಾಡಿನ ಕೇಳುಗರ ಪತ್ರಗಳಲ್ಲಿ ಒಂದೇ ಗಾಬರಿ: ‘ಚಿಪ್ಪು ಒಡೆದ ಬಸವನಹುಳು ಗೋಡೆ ಹತ್ತಿದೆ, ತೋಟಕ್ಕೇನಾದರೂ ರೋಗ ಬಂತೇ?’ ಒಡೆದಿಲ್ಲ ಸ್ವಾಮಿ. ಅದಕ್ಕೆ ಚಿಪ್ಪು ಇರುವುದೇ ಅಷ್ಟು. ಬಾಲ್ಯದ ಅಂಗಿಯನ್ನೇ ಬೆಳೆದ ಮೇಲೂ ತೊಟ್ಟ ಹಾಗೆ. ಮೈ ಅದರೊಳಗೆ ಹಿಡಿಸುವುದಿಲ್ಲ. ಚಿಪ್ಪಿಲ್ಲದ ಬಸವನಹುಳುವಿಗೆ ಸ್ಲಗ್ ಎಂದು ಹೆಸರು, ಹಾಗಾಗಿ ಇದನ್ನು ಅರೆ-ಸ್ಲಗ್ ಎನ್ನುತ್ತಾರೆ.

ಪಶ್ಚಿಮ ಘಟ್ಟದ ಕಾಡಿನಲ್ಲಿ ಇಂಥವು ಹಲವಿವೆ, ಇನ್ನೂ ಹೊಸವು ಸಿಗುತ್ತಲೇ ಇವೆ. ಬೆಳಗಾವಿಗೆ ಹತ್ತಿರದ ಆಂಬೋಲಿಯ ಹೆಸರು ಹೊತ್ತ ‘ವರದಿಯಾ ಆಂಬೋಲಿಯೆನ್ಸಿಸ್’ ವಿಜ್ಞಾನದ ಪಟ್ಟಿ ಸೇರಿದ್ದು 2021ರಲ್ಲಿ.

ಚಿಪ್ಪು ಕಟ್ಟಲು ಸುಣ್ಣದ ಅಂಶ ಬೇಕು. ಘಟ್ಟದ ಮಳೆ ಅದನ್ನು ಮಣ್ಣಿನಿಂದ ತೊಳೆದುಕೊಂಡು ಹೋಗುತ್ತದೆ. ಚಿಪ್ಪು ಕಿರಿದಾದರೆ ಆ ಖರ್ಚು ಉಳಿಯುತ್ತದೆ, ತೊಗಟೆಯ ಸಂದಿಗೂ ನುಗ್ಗಬಹುದು. ಆದರೆ ಒಣಹವೆಯಲ್ಲಿ ಚಿಪ್ಪಿನೊಳಗೆ ಬಾಗಿಲು ಹಾಕಿಕೊಂಡು ಕೂರುವಂತಿಲ್ಲ. ಟಾರ್ಚ್ ಬೆಳಕಲ್ಲಿ ಹುಳದ ಬಲಮಗ್ಗುಲು ನೋಡಿ: ಸಣ್ಣ ರಂಧ್ರವೊಂದು ತೆರೆಯುತ್ತದೆ, ಮುಚ್ಚುತ್ತದೆ. ಅದೇ ಉಸಿರಾಟ. ಮಳೆಯ ರಾತ್ರಿ ಅಂಗಳದಲ್ಲಿ ನಾನು ಇದನ್ನು ನೋಡುತ್ತ ಕೂತರೆ ಮನೆಯವರು ಒಳಗಿನಿಂದ ಬೈಯುತ್ತಾರೆ.

ಈಗ, ಈ ಹುಳ ಕಂಡೊಡನೆ ಹಲವರು ಸುರಿಯುವ ಉಪ್ಪಿನ ಮಾತು. ಹುಳದ ಮೈಮೇಲೆ ಲೋಳೆಯ ತೆಳು ಪದರ ಇದೆ. ಉಪ್ಪು ಅದರಲ್ಲಿ ಕರಗಿದರೆ ಹೊರಗೆ ಉಪ್ಪು ಹೆಚ್ಚು, ಒಳಗೆ ಕಡಿಮೆ. ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ಉಪ್ಪನ್ನು ತೊಳೆಯಲು ಹುಳ ಇನ್ನಷ್ಟು ಲೋಳೆ ಸುರಿಸುತ್ತದೆ. ಆ ಲೋಳೆಯೂ ಮೈಯ ನೀರೇ ತಾನೇ! ಉಳಿಯಲು ಮಾಡುವ ಕೆಲಸವೇ ಅದನ್ನು ಒಣಗಿಸುತ್ತದೆ. ಹುಳ ಸುಟ್ಟು ಸಾಯುವುದಿಲ್ಲ, ನೀರು ಕಳೆದುಕೊಂಡು ನಿಧಾನವಾಗಿ ಸಾಯುತ್ತದೆ. ನಿಮ್ಮ ಉಪ್ಪು ಅಲ್ಲಿಗೇ ಮುಗಿಯುವುದೂ ಇಲ್ಲ, ಗಿಡದ ಬುಡಕ್ಕೆ ಇಳಿಯುತ್ತದೆ. ‘ಹಿರಿಯರು ಹಾಕುತ್ತಿದ್ದರು’ ಎಂಬ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿದೆ.

ಕಾಫಿ, ಅಡಿಕೆ ತಿನ್ನುವ ಆಫ್ರಿಕಾದ ದೈತ್ಯ ಬಸವನಹುಳು ಬೇರೆ. ಅದರದ್ದು ಉದ್ದನೆಯ ಗಟ್ಟಿ ಚಿಪ್ಪು. ಅದರ ಸಿಟ್ಟನ್ನು ಇದರ ಮೇಲೆ ತೀರಿಸಬೇಡಿ.

ಕೊನೆಗೊಂದು ಎಚ್ಚರಿಕೆ. ಈ ಹುಳವನ್ನು ಬರಿಗೈಲಿ ಮುಟ್ಟಬೇಡಿ. ಇಲಿಯಿಂದ ಬರುವ ಒಂದು ಪರೋಪಜೀವಿ ಬಸವನಹುಳು, ಸ್ಲಗ್‌ಗಳ ಮೈಯಲ್ಲಿ ಬೆಳೆಯುತ್ತದೆ, ಮನುಷ್ಯರ ಹೊಟ್ಟೆ ಸೇರಿದರೆ ಮಿದುಳಿಗೆ ಹೋಗಬಹುದು. ಸೊಪ್ಪನ್ನು ಎಲೆ ಎಲೆ ಬಿಡಿಸಿ ತೊಳೆಯಿರಿ, ಕೈಗೆ ಸೋಪು ಹಾಕಿ. ಹುಳವನ್ನು ಒಣ ಎಲೆಯ ಮೇಲೆ ಎತ್ತಿ ತರಗೆಲೆಯ ನೆರಳಿಗೆ ಬಿಟ್ಟರಾಯಿತು.