ಇಬ್ಬರೇ ಸದಸ್ಯರ ಸಹಕಾರ ಸಂಘ
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಮಾವೇಶದಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣ)



ನಾನು ಭಾಷಣಗಾರ್ತಿಯಲ್ಲ. ಮನೆಯಲ್ಲಿ ಬಟ್ಟೆ ಹೊಲಿಯುವವಳು. ಕಾರ್ಯದರ್ಶಿಗಳು "ನಿಮ್ಮ ಅನುಭವ ಹೇಳಿ ಸಾಕು" ಅಂದಿದ್ದಕ್ಕೆ ಧೈರ್ಯ ಮಾಡಿ ನಿಂತಿದ್ದೇನೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ದುಡ್ಡಿನ ಜಗಳ ಹಾಗಲ್ಲ. ಅದು ಮಲಗಿದರೂ ಬಡ್ಡಿ ಮಲಗುವುದಿಲ್ಲ.

ನನ್ನ ಮದುವೆ ಆದದ್ದು 2003ರಲ್ಲಿ. ಮದುವೆ ಖರ್ಚಿಗೆಂದು ನಮ್ಮ ಯಜಮಾನರು 25,000 ರೂಪಾಯಿ ಕೈಸಾಲ ಮಾಡಿದ್ದರು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕೇಳಲು ಮೂರೇ ರೂಪಾಯಿ, ಆದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು! ನನಗೆ ಹೇಳಿರಲಿಲ್ಲ. ತಿಂಗಳಿಗೆ 750ರಂತೆ ಇಪ್ಪತ್ತೆಂಟು ತಿಂಗಳು ಕಟ್ಟಿದರು. ಒಟ್ಟು 21,000 ಹೋಯಿತು, ಅಸಲು ಹಾಗೇ ನಿಂತಿತ್ತು. ಒಂದು ದಿನ ಇವರಿಲ್ಲದ ಹೊತ್ತಿನಲ್ಲಿ ಸಾಲ ಕೊಟ್ಟವರು ಜಗಲಿಗೆ ಬಂದು ಕೂತಾಗಲೇ ನನಗೆ ಗೊತ್ತಾದದ್ದು.

ಆ ರಾತ್ರಿ ಬಾಯಿಗೆ ಬಂದಂತೆ ಬೈದೆ. ಅವರು ಒಂದೇ ಮಾತು ಹೇಳಿದರು: "ಹೊಸದಾಗಿ ಬಂದವಳ ಮುಂದೆ ಸಾಲಗಾರ ಅಂತ ಹೇಳಿಕೊಳ್ಳೋಕೆ ನಾಚಿಕೆ ಆಯ್ತು." ನನ್ನ ಧಾರೆ ಸೀರೆಯೂ ಅದೇ ದುಡ್ಡಿನದು. ಆಮೇಲೆ ನನಗೂ ನಾಚಿಕೆಯಾಯಿತು. ಯಾಕೆಂದರೆ ಹೊಲಿಗೆಯಿಂದ ಬಂದ 9,000 ರೂಪಾಯಿಯನ್ನು ಅವರಿಗೆ ತಿಳಿಸದೆ ಅಕ್ಕಿ ಡಬ್ಬಿಯಲ್ಲಿಟ್ಟಿದ್ದೆ! ಒಂದೇ ಮನೆಯಲ್ಲಿ ಸಾಲ ಒಂದು ಕಡೆ ಬೆಳೆಯುತ್ತಿತ್ತು, ದುಡ್ಡು ಇನ್ನೊಂದು ಕಡೆ ಸುಮ್ಮನೆ ಕೂತಿತ್ತು.

ಮರುವಾರ ಇಬ್ಬರೂ ಇದೇ ಸಂಘಕ್ಕೆ ಬಂದೆವು. ನನ್ನ ನಾಲ್ಕು ಬಳೆ ಅಡವಿಟ್ಟು 16,000 ತೆಗೆದುಕೊಂಡು, ಡಬ್ಬಿಯ ದುಡ್ಡು ಸೇರಿಸಿ ಕೈಸಾಲ ತೀರಿಸಿದೆವು. ಇಲ್ಲಿಯ ಬಡ್ಡಿ ಅದರ ಅರ್ಧವೂ ಇರಲಿಲ್ಲ. ಒಂದೂವರೆ ವರ್ಷದಲ್ಲಿ ಬಳೆ ಕೈಗೆ ಬಂದವು.

ಬಳೆ ಕೊಟ್ಟದ್ದು ನನ್ನ ಇಷ್ಟದಿಂದ. ಇದನ್ನು ಗಂಡುಮಕ್ಕಳೂ ಕೇಳಿಸಿಕೊಳ್ಳಿ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕೇಳಿ ಪಡೆಯಬೇಕು, ಪಡೆದರೆ ತಿರುಗಿ ಕೊಡಬೇಕು.

ಹೊಸ ದಂಪತಿಗಳಿಗೆ ನನ್ನ ಸಲಹೆ ಇಷ್ಟೇ. ಮದುವೆಯಾದ ಮೊದಲ ತಿಂಗಳಲ್ಲೇ ಎದುರುಬದುರು ಕೂತು ಸಾಲ, ಚೀಟಿ, ಉಳಿತಾಯ ಎಲ್ಲವನ್ನೂ ಹೇಳಿಕೊಳ್ಳಿ. ಯಾರಿಗಾದರೂ ಜಾಮೀನು ಹಾಕಿದ್ದರೆ ಅದನ್ನೂ ಬಚ್ಚಿಡಬೇಡಿ. ಸಾಲಗಾರ ಕಟ್ಟದಿದ್ದರೆ ನೋಟೀಸು ಜಾಮೀನುದಾರನ ಮನೆಗೂ ಬರುತ್ತೆ. ಅತ್ತೆ ಮಾವನಿಗೆ ಎಷ್ಟು, ತವರಿಗೆ ಎಷ್ಟು ಅಂತ ಇಬ್ಬರೂ ಕೂಡಿ ಗೊತ್ತುಮಾಡಿ. ಮನೆಖರ್ಚಿಗೆ ಜಂಟಿ ಖಾತೆ ಇರಲಿ, ಹೆಂಡತಿಯ ಹೆಸರಿನಲ್ಲಿ ಬೇರೆ ಖಾತೆಯೂ ಇರಲಿ. ಹಳೆಯ ಖಾತೆ, ವಿಮೆಗಳಲ್ಲಿ ನಾಮಿನಿ ಯಾರಿದ್ದಾರೆ ನೋಡಿಕೊಳ್ಳಿ. ಲೆಕ್ಕ ಕೇಳದ ಸ್ವಲ್ಪ ದುಡ್ಡು ಇಬ್ಬರ ಕೈಯಲ್ಲೂ ಇರಲಿ. ಮಲ್ಲಿಗೆ ಹೂವಿಗೂ ಟೀ ಕಾಸಿಗೂ ವರದಿ ಕೇಳಿದರೆ ಸಂಸಾರ ನಡೆಯಲ್ಲ. ಈಗ ಮೊಬೈಲಿನಲ್ಲೇ ದುಡ್ಡು ಹೋಗುವುದರಿಂದ ಖರ್ಚು ಕಣ್ಣಿಗೆ ಕಾಣುವುದಿಲ್ಲ. ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆದಿಡಿ.

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಲ್ಲಿಂದ ಇಲ್ಲಿಯವರೆಗೆ ಸಹಕಾರದ ಬಲ ಒಂದೇ: ಸದಸ್ಯರು ಸೇರಿ ಹಣ ಕೂಡಿಸುವುದು, ಎಲ್ಲರೆದುರು ಲೆಕ್ಕ ಓದುವುದು. ನಮ್ಮ ಸಂಘ ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಲೆಕ್ಕ ಒಪ್ಪಿಸುತ್ತೆ. ಮನೆಯೂ ಇಬ್ಬರೇ ಸದಸ್ಯರ ಸಂಘ. ತಿಂಗಳಿಗೊಂದು ಸಭೆ ಸೇರೋಣ. ನಾವು ಇವತ್ತಿಗೂ ಅಮಾವಾಸ್ಯೆ ಮಾರನೆಯ ದಿನ ಸೇರುತ್ತೇವೆ. ಅಧ್ಯಕ್ಷತೆ ಯಾರದು ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ!