ಅನಾಥ ಮಗುವಿನ ಹೆಸರನ್ನು ಅಳಿಸದಿರೋಣ

(ಗದಗ-ಬೆಟಗೇರಿಯಲ್ಲಿ ಜರಗಿದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೊರದೇಶಗಳ ಅನಾಥ ಮಕ್ಕಳ ಕುರಿತು ನಮ್ಮ ಹೊಣೆಗಾರಿಕೆ ಏನು ಎಂಬುದು ಇಂದು ನನಗೆ ವಹಿಸಲಾಗಿರುವ ವಿಷಯ. ಈ ಸಭೆಯಲ್ಲಿ ಪರರ ಮಕ್ಕಳನ್ನು ಸ್ವಂತ ಮಕ್ಕಳಂತೆ ಬೆಳೆಸುತ್ತಿರುವ ದಂಪತಿಗಳಿದ್ದಾರೆ. ತೀರಿಹೋದ ತಮ್ಮನ ಮಗನನ್ನು, ವಿಧವೆಯಾದ ತಂಗಿಯ ಮಗಳನ್ನು ತಮ್ಮ ಮನೆಗೆ ಕರೆತಂದವರಿದ್ದಾರೆ. ಗಾಝಾದ ಮಕ್ಕಳ ಚಿತ್ರಗಳನ್ನು ಕಂಡಾಗ ನೆರವಿಗೆ ಮೊದಲು ಮುಂದೆ ಬರುವವರೂ ಇಂತಹ ಕುಟುಂಬಗಳೇ. ಒಂದು ಅನಾಥ ಮಗುವನ್ನು ಸಾಕಿದ ಕೈಗೆ ಇನ್ನೊಂದು ಮಗುವಿನ ಕಣ್ಣೀರು ಬೇಗನೆ ತಾಗುತ್ತದೆ. 'ಅಲ್ಲಿಂದ ಒಂದು ಮಗುವನ್ನು ತಂದು ನಾವು ಸಾಕಬಹುದೇ?' ಎಂಬ ಪ್ರಶ್ನೆ ಇವರಿಂದಲೇ ಬರುತ್ತದೆ. ಪ್ರಶ್ನೆಯ ಹಿಂದಿರುವ ಕರುಣೆಗೆ ತಲೆಬಾಗಬೇಕು. ಆದರೆ ಉತ್ತರವನ್ನು ಕರುಣೆಯಿಂದ ಮಾತ್ರವಲ್ಲ, ವಿವೇಕದಿಂದಲೂ ಹುಡುಕಬೇಕು.

ಅನಾಥ ಎಂದರೆ ಯಾರು? ನಮ್ಮ ಶರೀಅತ್ತಿನಲ್ಲಿ ಪ್ರಾಯಕ್ಕೆ ಬರುವ ಮುನ್ನ ತಂದೆಯನ್ನು ಕಳಕೊಂಡ ಮಗು ಯತೀಮ್. ತಾಯಿ ಬದುಕಿದ್ದರೂ ಅದು ಯತೀಮ್. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಕೂಡ ತಂದೆ ತಾಯಿಯರಲ್ಲಿ ಒಬ್ಬರನ್ನು ಕಳಕೊಂಡ ಮಗುವನ್ನು ಅನಾಥರ ಲೆಕ್ಕದಲ್ಲಿ ಸೇರಿಸುತ್ತದೆ. ಈ ಲೆಕ್ಕದಂತೆ 2015ರಲ್ಲಿ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳಿದ್ದರು. ಅವರಲ್ಲಿ ತಂದೆ ತಾಯಿ ಇಬ್ಬರನ್ನೂ ಕಳಕೊಂಡವರು 1.51 ಕೋಟಿ ಮಾತ್ರ. ಅಂದರೆ ಹತ್ತು ಅನಾಥ ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ. ಉಳಿದವರಲ್ಲೂ ಹೆಚ್ಚಿನವರಿಗೆ ಅಜ್ಜಿ, ಚಿಕ್ಕಪ್ಪ, ಸೋದರಮಾವ ಇದ್ದಾರೆ. ಮಗುವನ್ನು ಸಾಕುವ ಮನಸ್ಸು ಅವರಿಗಿದೆ. ಇಲ್ಲದಿರುವುದು ರೊಟ್ಟಿ, ಬಟ್ಟೆ, ಶಾಲೆಯ ಖರ್ಚು. ಹೀಗಿರುವಾಗ ಮಗುವಿಗೆ ಹೊಸ ತಾಯಿಯನ್ನು ಹುಡುಕುವುದಕ್ಕಿಂತ, ಇರುವ ತಾಯಿಯ ಕೈಯನ್ನು ಬಲಪಡಿಸುವುದು ಮೊದಲ ಕರ್ತವ್ಯವಲ್ಲವೇ?

ಇದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಕೊರಿಯದ ಇತಿಹಾಸವಿದೆ. 1950ರಿಂದ 1953ರವರೆಗೆ ನಡೆದ ಯುದ್ಧವು ಅಲ್ಲಿ ಅಸಂಖ್ಯ ಮಕ್ಕಳನ್ನು ಬೀದಿಗೆ ತಳ್ಳಿತು. 1955ರಲ್ಲಿ ಅಮೆರಿಕದ ಒರೆಗಾನ್‌ನ ರೈತ ದಂಪತಿ ಹ್ಯಾರಿ ಮತ್ತು ಬರ್ಥಾ ಹೋಲ್ಟ್ ಎಂಟು ಕೊರಿಯನ್ ಮಕ್ಕಳನ್ನು ದತ್ತು ಪಡೆದರು. ಅದಕ್ಕಾಗಿ ಅಲ್ಲಿನ ಸಂಸತ್ತು ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಅವರನ್ನು ಕಂಡು ಸಾವಿರಾರು ಕುಟುಂಬಗಳು ಮುಂದೆ ಬಂದುವು. ಅವರ ಕರುಣೆಯನ್ನು ನಾವು ಸಂಶಯಿಸಬೇಕಾಗಿಲ್ಲ. ಆದರೆ ಯುದ್ಧ ಮುಗಿದು ದಶಕಗಳು ಕಳೆದ ಮೇಲೂ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವುದು ನಿಲ್ಲಲಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ದೇಶ ಬಿಟ್ಟರು. 2025ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯದ ಸತ್ಯ ಮತ್ತು ಸಮನ್ವಯ ಆಯೋಗವು ತನ್ನ ತನಿಖೆಯ ತೀರ್ಮಾನವನ್ನು ಪ್ರಕಟಿಸಿತು. ಹೆತ್ತವರು ಬದುಕಿದ್ದ ಮಕ್ಕಳನ್ನೂ ಕಾಗದದಲ್ಲಿ ಅನಾಥರೆಂದು ಬರೆಯಲಾಗಿತ್ತು. ಒಂದು ಮಗುವಿನ ಗುರುತನ್ನು ಇನ್ನೊಂದಕ್ಕೆ ಅಂಟಿಸಲಾಗಿತ್ತು. ಇಂದು ನಡುವಯಸ್ಸಿಗೆ ಬಂದಿರುವ ಆ ಮಕ್ಕಳು ತಮ್ಮನ್ನು ಹೆತ್ತವರು ಯಾರೆಂದು ಹುಡುಕುತ್ತಾ ಸಿಯೋಲ್‌ಗೆ ಬರುತ್ತಿದ್ದಾರೆ. ಊಟ ಸಿಕ್ಕಿತು, ಶಿಕ್ಷಣ ಸಿಕ್ಕಿತು, ಪ್ರೀತಿಯೂ ಸಿಕ್ಕಿತು. ಹೆಸರು ಮಾತ್ರ ಕಳೆದುಹೋಯಿತು.

2007ರಲ್ಲಿ ಆಫ್ರಿಕಾದ ಚಾಡ್ ದೇಶದಲ್ಲಿ ಫ್ರಾನ್ಸಿನ ಒಂದು ಸಂಘಟನೆಯವರು ದಾರ್‌ಫುರ್‌ನ ಅನಾಥರೆಂದು ಹೇಳಿ 103 ಮಕ್ಕಳನ್ನು ವಿಮಾನದಲ್ಲಿ ಕೊಂಡೊಯ್ಯಲು ಹೊರಟಾಗ ಬಂಧನಕ್ಕೊಳಗಾದರು. ಫ್ರಾನ್ಸಿನಲ್ಲಿ ಆ ಮಕ್ಕಳಿಗಾಗಿ ಕುಟುಂಬಗಳು ಕಾದಿದ್ದುವು. ವಿಚಾರಿಸಿದಾಗ ಹೆಚ್ಚಿನ ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಬದುಕಿದ್ದರು. ಹೆಚ್ಚಿನವರು ದಾರ್‌ಫುರ್‌ನವರೂ ಆಗಿರಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ಇಂಡೋನೇಶ್ಯಾದ್ದು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಆಚೆ ಪ್ರಾಂತ್ಯದಿಂದ 16 ವರ್ಷಕ್ಕಿಂತ ಕಿರಿಯ ಮಕ್ಕಳನ್ನು ಹೆತ್ತವರಿಲ್ಲದೆ ಹೊರಗೆ ಒಯ್ಯುವುದನ್ನು ಅಲ್ಲಿನ ಸರಕಾರ ನಿಷೇಧಿಸಿತು. ಮೊದಲು ಬಂಧುಗಳನ್ನು ಹುಡುಕೋಣ ಎಂಬುದು ಅದರ ನಿಲುವಾಗಿತ್ತು.

ಸಹೋದರರೇ, ಜಗತ್ತು ಇಷ್ಟು ಬೆಲೆ ತೆತ್ತು ಕಲಿತ ಈ ಪಾಠವನ್ನು ಇಸ್ಲಾಮ್ ಹದಿನಾಲ್ಕು ಶತಮಾನಗಳ ಹಿಂದೆಯೇ ಕಲಿಸಿತ್ತು. ಪ್ರವಾದಿ ಮುಹಮ್ಮದ್(ಸ)ರು ಸ್ವತಃ ಅನಾಥರಾಗಿದ್ದರು. ಹುಟ್ಟುವ ಮುನ್ನವೇ ತಂದೆ, ಆರನೆಯ ವಯಸ್ಸಿನಲ್ಲಿ ತಾಯಿ, ಎಂಟನೆಯ ವಯಸ್ಸಿನಲ್ಲಿ ಅಜ್ಜ ತೀರಿಕೊಂಡರು. ದೊಡ್ಡಪ್ಪ ಅಬೂತಾಲಿಬ್ ಅವರನ್ನು ಸಾಕಿದರು. ಆದರೆ ಅವರು ಕೊನೆಯವರೆಗೂ ಅಬ್ದುಲ್ಲಾರ ಮಗನಾಗಿಯೇ ಉಳಿದರು. ಮುಂದೆ ಪ್ರವಾದಿವರ್ಯರು(ಸ) ಝೈದ್(ರ)ರನ್ನು ಮಗನಂತೆ ಸಾಕಿದರು. ಜನರು ಅವರನ್ನು ಮುಹಮ್ಮದ್‌ರ ಮಗ ಝೈದ್ ಎಂದೇ ಕರೆಯತೊಡಗಿದ್ದರು. ಸಾಕು ಮಕ್ಕಳನ್ನು ಅವರ ತಂದೆಯರ ಹೆಸರಿನಿಂದಲೇ ಕರೆಯಬೇಕೆಂಬ ಆದೇಶವು ಪವಿತ್ರ ಕುರ್‌ಆನ್‌ನ 33ನೆಯ ಅಧ್ಯಾಯದಲ್ಲಿ ಬಂದಾಗ ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಇದರಿಂದ ಪ್ರೀತಿ ಕಡಿಮೆಯಾಯಿತೇ? ಇಲ್ಲ. ಮೂತಾ ಯುದ್ಧದಲ್ಲಿ ಸೇನೆಯ ನಾಯಕತ್ವವನ್ನು ಪ್ರವಾದಿವರ್ಯರು(ಸ) ವಹಿಸಿಕೊಟ್ಟದ್ದು ಅದೇ ಝೈದ್‌ರಿಗೆ. ಪ್ರೀತಿಗೆ ಸುಳ್ಳು ಹೆಸರಿನ ಅಗತ್ಯವಿಲ್ಲ ಎಂಬುದು ಈ ಘಟನೆಯ ಸಾರ.

ಮಗುವಿನ ವಂಶವನ್ನು ಅಳಿಸದೆ, ಅದರ ಸೊತ್ತನ್ನು ಮುಟ್ಟದೆ ಸಾಕಿ ಬೆಳೆಸುವ ಈ ವ್ಯವಸ್ಥೆಗೆ ಕಫಾಲಾ ಎಂದು ಹೆಸರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ತನ್ನ 20ನೆಯ ವಿಧಿಯಲ್ಲಿ ಇದನ್ನು ಹೆಸರಿಸಿಯೇ ಮಾನ್ಯ ಮಾಡಿದೆ. ಬಹುತೇಕ ಅರಬ್ ದೇಶಗಳ ಕಾನೂನಿನಲ್ಲಿ ದತ್ತಕವಿಲ್ಲ, ಕಫಾಲಾ ಇದೆ. ಆದುದರಿಂದ ಗಾಝಾದಿಂದ ಮಗುವನ್ನು ತರಬಹುದೇ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟ: ತರಲಾಗದು, ತರಲೂ ಬಾರದು. ಫೆಲೆಸ್ತೀನ್ ಅಂಕಿಅಂಶ ಇಲಾಖೆಯು 2025ರ ಏಪ್ರಿಲ್‌ನಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿ 39,384 ಮಕ್ಕಳು ಹೆತ್ತವರಲ್ಲಿ ಒಬ್ಬರನ್ನು ಅಥವಾ ಇಬ್ಬರನ್ನೂ ಕಳಕೊಂಡಿದ್ದರು. ಸುಮಾರು 17,000 ಮಕ್ಕಳಿಗೆ ಇಬ್ಬರೂ ಇರಲಿಲ್ಲ. ಮನೆ, ನೆಲ, ಶಾಲೆ ಎಲ್ಲವನ್ನೂ ಕಳಕೊಂಡ ಆ ಮಗುವಿನ ಬಳಿ ಉಳಿದಿರುವುದು ತಂದೆಯ ಹೆಸರು ಮತ್ತು ಬದುಕುಳಿದ ಒಬ್ಬಿಬ್ಬರು ಬಂಧುಗಳು. ಕರುಣೆಯ ಹೆಸರಿನಲ್ಲಿ ಅದನ್ನೂ ಕಸಿಯುವುದು ಬೇಡ. ಅದನ್ನು ಮಡಿಲಲ್ಲಿಟ್ಟುಕೊಂಡಿರುವ ಅಜ್ಜಿಗೆ, ಚಿಕ್ಕಮ್ಮನಿಗೆ ನೆರವು ತಲುಪಿಸೋಣ.

ಆದರೆ ತಲುಪಿಸುವ ದಾರಿ ನೇರವಾಗಿರಬೇಕು. ಮೊಬೈಲಿಗೆ ಬಂದ ಅಳುವ ಮಗುವಿನ ಚಿತ್ರ ಮತ್ತು ಅದರ ಕೆಳಗಿನ ಖಾತೆ ಸಂಖ್ಯೆಯನ್ನು ನಂಬಿ ಹಣ ಕಳುಹಿಸುವುದು ದಾನವಲ್ಲ, ಅಜಾಗ್ರತೆ. ಯುನಿಸೆಫ್‌ನಂತಹ ಲೆಕ್ಕ ಕೊಡುವ ಸಂಸ್ಥೆಗಳ ಮೂಲಕ, ಬ್ಯಾಂಕಿನ ಮೂಲಕ, ರಶೀದಿಯೊಂದಿಗೆ, ದೇಶದ ಕಾನೂನಿನ ಚೌಕಟ್ಟಿನೊಳಗೆ ಮಾತ್ರ ಕೊಡಬೇಕು. ಒಂದು ದಿನದ ಆವೇಶಕ್ಕಿಂತ ಪ್ರತಿ ತಿಂಗಳ ಸಣ್ಣ ಮೊತ್ತ ಮೇಲು. ಏಕೆಂದರೆ ಮಗುವಿಗೆ ಹಸಿವಾಗುವುದು ಪ್ರತಿದಿನ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಗೆ ಅದು ಮುನ್ನುಡಿಯಾಯಿತು. ಅದರ ಬಲವಿದ್ದುದು ಸಣ್ಣ ಪಾಲು, ಬರೆದಿಟ್ಟ ಲೆಕ್ಕ ಮತ್ತು ಪರಸ್ಪರ ನಂಬಿಕೆಯಲ್ಲಿ. ಮೊಹಲ್ಲಾದ ಹತ್ತು ಕುಟುಂಬಗಳು ಅನಾಥರಿಗಾಗಿ ಒಟ್ಟುಗೂಡಿದರೆ ಇದೇ ಮಾದರಿ ಸಾಕು.

ಇನ್ನು ನಮ್ಮ ಮನೆಗಳಿಗೆ ಬರೋಣ. ದೂರದ ಅನಾಥನಿಗಾಗಿ ಕಣ್ಣೀರಿಡುವ ನಾವು, ನಮ್ಮದೇ ಓಣಿಯ ಯತೀಮನ ಹಕ್ಕನ್ನು ಕೊಟ್ಟಿದ್ದೇವೆಯೇ? ತಮ್ಮ ತೀರಿಕೊಂಡಾಗ ಅವನ ಮಗನನ್ನು ಮನೆಗೆ ತರುವುದು ಪುಣ್ಯ. ಆದರೆ ಅವನ ಮಗ್ಗವನ್ನು, ಅಂಗಡಿಯನ್ನು, ಹೊಲವನ್ನು ತನ್ನದರಲ್ಲಿ ಬೆರೆಸಿ, ಹುಡುಗ ದೊಡ್ಡವನಾದ ಮೇಲೆ 'ನಿನ್ನನ್ನು ಸಾಕಿದ್ದೇ ನಾನು' ಎನ್ನುವುದು ಘೋರ ಅನ್ಯಾಯ. ಅನಾಥರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವವರ ಕುರಿತು ಕುರ್‌ಆನ್ ನೀಡಿರುವ ಎಚ್ಚರಿಕೆಗಿಂತ ಕಠಿಣ ಎಚ್ಚರಿಕೆಗಳು ವಿರಳ. ಮಗು ಮನೆಗೆ ಬಂದ ದಿನವೇ ಅದರ ಸೊತ್ತಿನ ಪಟ್ಟಿಯನ್ನು ಬರೆದು ಸಾಕ್ಷಿಗಳಿಂದ ಸಹಿ ಮಾಡಿಸಿರಿ.

ಸಾಕು ಮಗುವಿಗೆ ಶರೀಅತ್ತಿನ ವಾರೀಸು ಪಾಲು ಇಲ್ಲ ಎಂದು ಹೇಳಿ ಸುಮ್ಮನಾಗುವವರೂ ಇದ್ದಾರೆ. ಅದೇ ಶರೀಅತ್ತು ಆಸ್ತಿಯ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಮಾಡುವ ಮತ್ತು ಬದುಕಿರುವಾಗಲೇ ಹಿಬಾ ಕೊಡುವ ಅವಕಾಶವನ್ನು ತೆರೆದಿಟ್ಟಿದೆ. ತಂದೆ ತೀರಿಹೋದ ಮೊಮ್ಮಗನ ಸ್ಥಿತಿಯೂ ಇದೇ. ಚಿಕ್ಕಪ್ಪ ಇರುವಾಗ ಅಜ್ಜನ ಆಸ್ತಿಯಲ್ಲಿ ಅವನಿಗೆ ಪಾಲು ಸಿಗುವುದಿಲ್ಲ. ಈಜಿಪ್ಟ್ 1946ರಲ್ಲಿಯೇ ಇಂತಹ ಮೊಮ್ಮಕ್ಕಳಿಗಾಗಿ ಕಡ್ಡಾಯ ವಸಿಯ್ಯತ್ತಿನ ಕಾನೂನು ತಂದಿತು. ನಮ್ಮಲ್ಲಿ ಅಂತಹ ಕಾನೂನಿಲ್ಲ. ಆದರೆ ವಸಿಯ್ಯತ್ ಬರೆಯಲು ಅಜ್ಜನ ಕೈಯನ್ನು ಯಾರೂ ಹಿಡಿದಿಲ್ಲ.

ದೇಶದ ಕಾನೂನನ್ನೂ ತಿಳಿದಿರಬೇಕು. ಎಲ್ಲೋ ಸಿಕ್ಕ ಮಗುವನ್ನು, ಆಸ್ಪತ್ರೆಯಲ್ಲಿ ಯಾರೋ ಕೈಗಿತ್ತ ಕೂಸನ್ನು ಮನೆಗೆ ತಂದು ಸ್ವಂತ ಮಗುವೆಂದು ಜನನ ಪತ್ರ ಮಾಡಿಸುವುದು ಅಪರಾಧ. ಮಗು ಸಿಕ್ಕಿದರೆ 24 ಗಂಟೆಗಳೊಳಗೆ ಪೊಲೀಸರಿಗೋ 1098 ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. 2015ರ ಬಾಲನ್ಯಾಯ ಕಾಯ್ದೆಯಂತೆ ಕ್ರಮ ತಪ್ಪಿ ಅನಾಥ ಮಗುವನ್ನು ದತ್ತು ಪಡೆದರೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಇದಕ್ಕೆ ಮುಂಚಿನ ಬಾಲನ್ಯಾಯ ಕಾಯ್ದೆಯ ಮೂಲಕ ದತ್ತು ಪಡೆಯುವುದು ಮುಸ್ಲಿಮರಿಗೂ ಸಾಧ್ಯವೆಂದು ಸುಪ್ರೀಮ್ ಕೋರ್ಟು 2014ರ ಫೆಬ್ರವರಿ 19ರಂದು ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಹೇಳಿತು. ಅದು ಐಚ್ಛಿಕ, ಯಾರ ಮೇಲೂ ಹೇರಿಕೆಯಲ್ಲ ಎಂದೂ ಸ್ಪಷ್ಟಪಡಿಸಿತು. ದತ್ತಕ ಬೇಡವೆನ್ನುವವರಿಗೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯದಿಂದ ಪೋಷಕತ್ವದ ಆದೇಶ ಪಡೆಯುವ ದಾರಿಯಿದೆ. ಇದರಲ್ಲಿ ಮಗುವಿನ ತಂದೆಯ ಹೆಸರು ಹಾಗೆಯೇ ಉಳಿಯುತ್ತದೆ.

ವಿಧವೆಯರ ಮಕ್ಕಳಿಗೆ ಮತ್ತು ಬಂಧುಗಳ ಮನೆಯಲ್ಲಿರುವ ಅನಾಥರಿಗೆ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ ನೆರವಿದೆ. 2022ರ ಮಾರ್ಗಸೂಚಿಯಂತೆ ಅದು ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ವರಮಾನ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿಯನ್ನು ಮೀರಬಾರದು. ಅರ್ಜಿಗೆ ಗದಗದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಇದ್ದತ್ ಮುಗಿಸಿ ಹೊರಬಂದ, ಓದು ಬರಹ ತಿಳಿಯದ ಸಹೋದರಿಯೊಬ್ಬಳು ಮುಂಡರಗಿಯಿಂದಲೋ ಲಕ್ಷ್ಮೇಶ್ವರದಿಂದಲೋ ಒಬ್ಬಳೇ ಬಂದು ಈ ಕಾಗದಗಳನ್ನು ಹೊಂದಿಸಬಲ್ಲಳೇ? ಅವಳೊಂದಿಗೆ ಬಸ್ಸು ಹತ್ತಿ ಬರುವ ಯುವಕ ಯುವತಿಯರು ನಮ್ಮ ಜಮಾಅತ್‌ಗಳಲ್ಲಿ ಇಲ್ಲವೇ?

ಈ ಊರಿನಲ್ಲಿಯೇ ನಮ್ಮ ಕಣ್ಣ ಮುಂದೆ ಒಂದು ನಿದರ್ಶನವಿದೆ. ಪುಟ್ಟರಾಜ ಗವಾಯಿಗಳು ಶೈಶವದಲ್ಲಿಯೇ ದೃಷ್ಟಿಯನ್ನೂ ಹೆತ್ತವರನ್ನೂ ಕಳಕೊಂಡವರು. ಸೋದರಮಾವ ಸಾಕಿದರು, ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಸಂಗೀತ ಕಲಿಸಿದರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, 2010ರಲ್ಲಿ ನಿಧನರಾಗುವವರೆಗೆ ಜಾತಿ ಮತಗಳ ಭೇದವಿಲ್ಲದೆ ಅಂಧ ಅನಾಥ ಮಕ್ಕಳಿಗೆ ಅನ್ನ ಮತ್ತು ವಿದ್ಯೆ ಕೊಟ್ಟರು. ಬಂಧುವಿನ ಆಸರೆ ಮತ್ತು ಗುರುವಿನ ಕಲಿಕೆ ಎರಡೂ ಸಿಕ್ಕಿದ ಒಂದು ಅನಾಥ ಮಗು ಮುಂದೆ ಎಷ್ಟು ಮಕ್ಕಳಿಗೆ ನೆರಳಾಯಿತು ಎಂಬುದನ್ನು ಗದಗಿನವರಿಗೆ ನಾನು ಹೇಳಬೇಕಾಗಿಲ್ಲ.

ಆದುದರಿಂದ ಸಾಕು ಮಕ್ಕಳನ್ನು ಬೆಳೆಸುತ್ತಿರುವ ಕುಟುಂಬಗಳಲ್ಲಿ ನನ್ನ ವಿನಂತಿ ಇಷ್ಟೆ. ಅನಾಥ ಮಗುವಿಗೆ ರಾತ್ರಿಯಲ್ಲಿ ಏಕೆ ಎಚ್ಚರವಾಗುತ್ತದೆ, ಅದು ಯಾವ ಪ್ರಶ್ನೆ ಕೇಳುತ್ತದೆ, ತಂದೆಯ ಹೆಸರು ಹೇಳುವಾಗ ಅದರ ಮುಖ ಹೇಗಾಗುತ್ತದೆ ಎಂಬುದು ನಿಮಗೆ ಗೊತ್ತು. ಹೊರದೇಶದ ಮಕ್ಕಳಿಗೆ ನೆರವು ಕೂಡಿಸುವ ಕೆಲಸದ ಮುಂದಾಳತ್ವವನ್ನು ನೀವೇ ವಹಿಸಿಕೊಳ್ಳಿರಿ. ಜೊತೆಗೆ ನಿಮ್ಮ ಮೊಹಲ್ಲಾದ ಯತೀಮರ ಪಟ್ಟಿಯನ್ನೂ ಮಾಡಿರಿ. ಗಾಝಾದ ಮಗುವಿಗೆ ಒಂದು ಪಾಲು, ಬೆಟಗೇರಿಯ ಮಗುವಿಗೆ ಒಂದು ಪಾಲು ಎಂದು ಎತ್ತಿಡಿರಿ. ನೆರೆಯ ಓಣಿಯ ಅನಾಥ ಮಗು ಬೇರೆ ಧರ್ಮದ್ದಾದರೆ ಅದರ ಹೆಸರನ್ನೂ ಪಟ್ಟಿಯಲ್ಲಿ ಬರೆಯಿರಿ, ಹಸಿವಿಗೆ ಧರ್ಮವಿಲ್ಲ.

ಅನಾಥರ ಸಂರಕ್ಷಕರಾಗುವ, ಅವರ ಹೆಸರನ್ನೂ ಹಕ್ಕನ್ನೂ ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.