ಕೋಚಿಂಗ್ ಇಲ್ಲ ಎಂದು ಕೈಕಟ್ಟಿ ಕೂರಬೇಡಿ!



ನಾನು ಮೇಷ್ಟ್ರಲ್ಲ. ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ, ಅಷ್ಟೇ. ಪರೀಕ್ಷೆಯ ಕಾಲ ಬಂತೆಂದರೆ ನನ್ನ ಮೆಷಿನ್ನಿನಲ್ಲಿ ಕೋಚಿಂಗ್ ಸೆಂಟರುಗಳ ಕರಪತ್ರಗಳೇ ಓಡುತ್ತವೆ. ಅವನ್ನು ಮಡಚುವ ಹುಡುಗ ಸರ್ಕಾರಿ ಕಾಲೇಜಿನಲ್ಲಿ ಸೈನ್ಸ್ ಓದುತ್ತಾನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಒಂದು ಸಂಜೆ ಕೇಳಿದ: "ಅಣ್ಣಾ, ಇಷ್ಟು ಫೀಸು ಕಟ್ಟೋಕಾಗದವರು ಸಿಇಟಿ ಬರೆಯೋದೇ ದಂಡ ಅಲ್ವಾ?"

ಎದೆಗೆ ಚುಚ್ಚಿತು. 1999ರಲ್ಲಿ ನಾನೂ ಹೀಗೇ ಅಂದುಕೊಂಡು ಅರ್ಜಿಯನ್ನೇ ಹಾಕಲಿಲ್ಲ. ಬರೆದು ಸೋತಿದ್ದರೆ ಇಷ್ಟು ಬೇಸರವಿರುತ್ತಿರಲಿಲ್ಲ. ನಾನು ಬರೆಯದೇ ಸೋತೆ! ಅವತ್ತು ಆ ಹುಡುಗನ ಜೊತೆ ಕೂತು ಹಾಕಿದ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಪರೀಕ್ಷೆಯ ಗುಣ ತಿಳಿಯಿರಿ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ಹಾಗಲ್ಲ. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಹೋಯಿತು. ಅಲ್ಲಿ ಕುರುಡು ಊಹೆ ಬೇಡ. ಇನ್ನು ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಿಇಟಿಗೆ ಅರ್ಧ ತೂಕ, ಪಿಯುಸಿ ಅಂಕಕ್ಕೆ ಇನ್ನರ್ಧ. ಕಾಲೇಜಿನ ಪಾಠವನ್ನೇ ಚೆನ್ನಾಗಿ ಓದಿದವನು ಅರ್ಧ ದಾರಿ ಆಗಲೇ ನಡೆದಿರುತ್ತಾನೆ.

ಎರಡನೆಯದು ಪುಸ್ತಕ. ಎರಡೂ ವರ್ಷದ ಪಠ್ಯಪುಸ್ತಕವೇ ನಿಮ್ಮ ಆಸ್ತಿ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದವು. ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದ ಮೇಲೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಹಾಗಾಗಿ ದಪ್ಪ ದಪ್ಪ ಗೈಡುಗಳನ್ನು ನೋಡಿ ಹೆದರಬೇಡಿ. ಮೊದಲ ಪಿಯು ಪಾಠಗಳನ್ನು ಮಾತ್ರ ಮರೆಯಬೇಡಿ. ಬಹಳ ಮಕ್ಕಳು ಎಡವುವುದೇ ಅಲ್ಲಿ.

ಮೂರನೆಯದು ಭಾಷೆ. ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇವೆ. ಆದರೆ ನೀಟ್‌ನ ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಜೆಇಇ ಅಡ್ವಾನ್ಸ್‌ಡ್ ಅಂತೂ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ! ಇದು ಯಾವ ನ್ಯಾಯ? ಕೇಳೋಣ, ಬೀದಿಯಲ್ಲಿ ನಿಂತೇ ಕೇಳೋಣ. ಆದರೆ ಪರೀಕ್ಷೆಯ ದಿನ ನಮಗಾಗಿ ಕಾಯುವುದಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಮಾಡಿ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ. ನಾವು ಮಾತಿನಲ್ಲಿ ಎಲ್ಲಕ್ಕೂ ವೇಗ ಎನ್ನುತ್ತೇವೆ. ಭೌತಶಾಸ್ತ್ರದಲ್ಲಿ ಜವ ಎಂದರೆ ಸ್ಪೀಡ್, ವೇಗ ಎಂದರೆ ವೆಲಾಸಿಟಿ. ವೇಗಕ್ಕೆ ದಿಕ್ಕುಂಟು, ಜವಕ್ಕಿಲ್ಲ. ಇದು ಮನೆಮಾತಿನಲ್ಲಿ ಒಮ್ಮೆ ಅರ್ಥವಾದರೆ ಇಂಗ್ಲಿಷ್ ಪ್ರಶ್ನೆ ನಿಮ್ಮನ್ನು ಅಲುಗಾಡಿಸಲಾರದು.

ನಾಲ್ಕನೆಯದು ನನ್ನ ಕಸುಬಿನ ಮಾತು. ಪ್ರೆಸ್ಸಿನಲ್ಲಿ ತಾನು ಜೋಡಿಸಿದ ಪುಟದ ತಪ್ಪು ತನಗೇ ಕಾಣುವುದಿಲ್ಲ. ಒಬ್ಬ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಪ್ರೂಫ್ ನೋಡಿ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾನೆ. ನೀವೂ ಹಾಗೇ ಮಾಡಿ. ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ, ಗೆಳೆಯನ ಕೈಲಿ ತಿದ್ದಿಸಿ. ತಪ್ಪುಗಳನ್ನು ಮೂರು ಪಾಲು ಮಾಡಿ: ತಿಳಿಯದ್ದು, ಮರೆತದ್ದು, ಅವಸರದ್ದು. ತಿಳಿಯದ್ದನ್ನು ಮೇಷ್ಟ್ರ ಬಳಿ ಒಯ್ಯಿರಿ, ಮರೆತದ್ದನ್ನು ಮತ್ತೆ ಓದಿ. ಅವಸರದ್ದಕ್ಕೆ ಅಭ್ಯಾಸವೊಂದೇ ಮದ್ದು. ವಾರ ಬಿಟ್ಟು ಕೆಂಪು ಗುರುತಿನವನ್ನು ಮಾತ್ರ ಮತ್ತೆ ಬಿಡಿಸಿ. ಓಎಂಆರ್ ಹಾಳೆ ತುಂಬುವುದನ್ನೂ ಕಲಿಯಿರಿ. ಒಂದು ಸಾಲು ಜಾರಿದರೆ ಮುಂದಿನದೆಲ್ಲ ಜಾರುತ್ತದೆ!

ಹಣ ಕೊಟ್ಟು ಕಲಿತವರು ಮುಂದಿರಬಹುದು. ಸುಳ್ಳು ಹೇಳಲಾರೆ. ಅವರಿಗೆ ಹೇಳಿಕೊಡುವವರಿದ್ದಾರೆ, ಸಮಯವಿದೆ. ಆದರೆ ಅವರ ಪಠ್ಯವೂ ಇದೇ, ಪರೀಕ್ಷೆಯೂ ಇದೇ.

ನಮ್ಮ ಹುಡುಗ ಈಗ ಕರಪತ್ರ ಮಡಚಿ ಮುಗಿಸಿ, ಅದರ ಖಾಲಿ ಬೆನ್ನಿನ ಮೇಲೆ ಲೆಕ್ಕ ಬಿಡಿಸುತ್ತಾನೆ. ಸೀಟು ಸಿಗುತ್ತದೋ ಇಲ್ಲವೋ, ನಾನು ಬಲ್ಲವನಲ್ಲ. ಅರ್ಜಿಯನ್ನಂತೂ ಹಾಕುತ್ತಾನೆ. ನೀವೂ ಹಾಕಿ. ನನ್ನಂತೆ ಬರೆಯದೇ ಸೋಲಬೇಡಿ.